ನಿಮ್ಮ ಮಗಳ ಹೊಟ್ಟೆ, ನನ್ನ ಸೊಸೆಯ ಹೊಟ್ಟೆ

ಇಳಕಲ್
೧೧ ಜೂನ್ ೨೦೨೫

ಬೀಗತಿ ಸಕ್ರವ್ವನವರಿಗೆ ಗುರುಲಿಂಗವ್ವನ ಶರಣು. ಶರಣು ಅನ್ನುವುದನ್ನು ರೂಢಿಗೆ ಬರೆದಿದ್ದೇನೆ, ಮನಸ್ಸಿನಿಂದಲ್ಲ. ಕ್ಷೇಮಸಮಾಚಾರ ಕೇಳುವ ಹಂತವನ್ನು ನೀವೇ ದಾಟಿಸಿದ್ದೀರಿ.

ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ. ಸೊಸೆಯ ಫೋನಿನಲ್ಲೂ ಮಾಡಿಸಿದ್ದೀರಿ. ಆಗಲಿ, ಅಂಚೆಯವನನ್ನು ಬ್ಲಾಕ್ ಮಾಡಲು ನಿಮ್ಮಿಂದ ಆಗುವುದಿಲ್ಲವಲ್ಲ! ಈ ಪತ್ರ ಬಾದಾಮಿಯ ನಿಮ್ಮ ಖಾನಾವಳಿಗೇ ಬಂದು ಬೀಳುತ್ತದೆ. ರೊಟ್ಟಿ ಉಣ್ಣಲು ಬಂದ ಗಿರಾಕಿಗಳ ಎದುರಿಗೇ ಒಡೆದು ಓದಿರಿ.

ನೀವು ನನ್ನನ್ನು ಕೇಳಿದ್ದು ಏನು? ನೇತ್ರಾಗೆ ಐದು ತಿಂಗಳಲ್ಲಿ ಬಿದ್ದಿದೆ, ಊರಿಗೆಲ್ಲ ಹೇಳದೆ ತವರಿನವರಷ್ಟೇ ಸೇರಿ ಮಾಡುವ ಕಳ್ಳ ಕುಬಸ ಮಾಡುತ್ತೇವೆ, ಹಸಿರು ಕುಬಸ ತೊಡಿಸಿ ಎರಡು ದಿನ ಇಟ್ಟುಕೊಂಡು ಕಳಿಸುತ್ತೇವೆ ಅಂದಿರಿ. ತವರಿನವರು ಕುಬಸಕ್ಕೆ ಕರೆದರೆ ಇಲ್ಲ ಅನ್ನುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಉಡಿ ತುಂಬಿ ಕಳಿಸಿಕೊಟ್ಟೆ. ನೀವು ಅವಳನ್ನು ಬಾದಾಮಿಯಲ್ಲಿ ಇಳಿಸಲೂ ಇಲ್ಲ. ಹಾಗೇ ಬೆಂಗಳೂರಿಗೆ ಒಯ್ದಿರಿ. ಒಯ್ದು ಹೊಟ್ಟೆಗೆ ಲೇಸರ್ ಹಿಡಿಸಿದಿರಿ! ಬಾದಾಮಿಯಲ್ಲಿರುವ ನನ್ನ ನಾದಿನಿ ಹನಮವ್ವ ನಿಮ್ಮ ಖಾನಾವಳಿ ಮುಚ್ಚಿದ್ದನ್ನು ಕಂಡು, ಪಕ್ಕದ ಪಾನ್ ಅಂಗಡಿಯವನನ್ನು ಕೇಳಿ, ನನಗೆ ಫೋನ್ ಮಾಡಿದಳು. ನನ್ನ ಸೊಸೆಯ ಸುದ್ದಿ ನನಗೆ ಪಾನ್ ಅಂಗಡಿಯಿಂದ ಬರಬೇಕೇನು?

ಲೇಸರ್ ಅಂದರೆ ಏನೆಂದು ಈ ಹೆಂಗಸಿಗೆ ಗೊತ್ತಿಲ್ಲ ಅಂದುಕೊಂಡಿರಾ? ನಮ್ಮದು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ. ಹಿಂದಿನ ಶೆಡ್ಡಿನಲ್ಲಿ ಲೇಸರ್ ಮಷಿನ್ನೇ ಇದೆ. ಕರಿ ಕಲ್ಲಿನ ಮೇಲೆ ಅಕ್ಷರ ಕೊರೆಯುತ್ತದೆ. ಹತ್ತಿರ ನಿಲ್ಲಬೇಕಾದರೆ ಕಣ್ಣಿಗೆ ಕನ್ನಡಕ ಬೇಕು, ಕಲ್ಲು ಸುಟ್ಟ ವಾಸನೆ ಗಂಟಲಿಗೆ ಹತ್ತುತ್ತದೆ. ಕಲ್ಲನ್ನೇ ತಿನ್ನುವ ಬೆಂಕಿಯನ್ನು ಎಳೆ ಕೂಸುಗಳಿರುವ ಹೊಟ್ಟೆಗೆ ಹಿಡಿಸಿದಿರಲ್ಲ, ನೀವೂ ಒಬ್ಬ ತಾಯಿಯೇ?

ಬಾಗಲಕೋಟೆಯ ಡಾಕ್ಟರ್ ಅನೀಸ ಮೇಡಂ ಏನೋ ಹೇಳಿದ್ದರು, ಇಲ್ಲ ಅನ್ನುವುದಿಲ್ಲ. ‘ಒಂದು ಕೂಸಿನ ಸುತ್ತ ನೀರು ಭಾಳ ಆಗೇತಿ, ಇನ್ನೊಂದಕ್ಕ ಇಲ್ಲಾ ಅಂದ್ರೂ ನಡೀತೈತಿ, ಲಗೂನ ಬೆಂಗಳೂರಿಗೆ ಹೋಗ್ರಿ’ ಅಂದರು. ಡಾಕ್ಟರ್ ಮಂದಿ ಹೆದರಿಸದೆ ಎಂದಾದರೂ ಮಾತಾಡಿದ್ದಾರೆಯೇ? ನಾನು, ‘ಏಳರಾಗ ದೊಡ್ಡ ಕುಬಸ ಆಗ್ಲಿ, ಆಮ್ಯಾಲ ನೋಡೂಣು’ ಅಂದೆ. ತಪ್ಪೇನು? ಐದರಲ್ಲೇ ಅವಳ ಹೊಟ್ಟೆ ಎಂಟು ತುಂಬಿದವಳ ಹಾಗೆ ಕಾಣುತ್ತಿತ್ತು. ಓಣಿಯ ಹೆಂಗಸರೆಲ್ಲ ಬಂದು ನೋಡಿ, ದೃಷ್ಟಿ ತೆಗೆದು ಹೋದರು. ಅವಳಿ ಇದ್ದ ಹೊಟ್ಟೆ ಚಿಕ್ಕದಿರುತ್ತದೆಯೇ? ಸಜ್ಜಕ, ಹಾಲು, ತುಪ್ಪ, ಯಾವುದಕ್ಕೆ ಕಡಿಮೆ ಮಾಡಿದ್ದೆ ಹೇಳಿರಿ.

ನನ್ನ ಮಗ ಸಂತೋಷಕುಮಾರ ಕಲ್ಲಿನ ಲಾರಿಯ ಹಿಂದೆ ಹೊಸೂರಿಗೆ ಹೋಗಿದ್ದವನು ನಿನ್ನೆ ಬಂದ. ಸುದ್ದಿ ಹೇಳಿದರೆ ಬಾಯಿ ಬಿಡಲೊಲ್ಲ. ಕಟ್ಟಿಕೊಂಡ ಗಂಡನಿಗೂ ಹೇಳದೆ ಇಂಥ ಕೆಲಸ ಮಾಡಿದಿರಲ್ಲ, ಅವನ ಮುಖ ನೋಡಿದರೆ ನನಗೆ ಕರುಳು ಕಿತ್ತು ಬರುತ್ತದೆ.

ರವಿವಾರದೊಳಗೆ ನನ್ನ ಸೊಸೆ ನನ್ನ ಮನೆಯಲ್ಲಿರಬೇಕು.

ಇಂತಿ,
ಗುರುಲಿಂಗವ್ವ


ಬಾದಾಮಿ
೧೭ ಜೂನ್ ೨೦೨೫

ಗುರುಲಿಂಗವ್ವನವರಿಗೆ,

ಬೆಂಗಳೂರಿನಿಂದ ಬಂದು ಬಾಗಿಲು ತೆಗೆದರೆ ನಿಮ್ಮ ಪತ್ರ ಹೊಸ್ತಿಲೊಳಗೆ ಬಿದ್ದಿತ್ತು. ಗಿರಾಕಿಗಳ ಎದುರು ಓದಲಿಲ್ಲ. ಓದಿದ್ದರೆ ಹೋಗುತ್ತಿದ್ದದ್ದು ನಿಮ್ಮ ಮರ್ಯಾದೆ.

ಹೌದು, ಬ್ಲಾಕ್ ಮಾಡಿದೆ. ಆಪರೇಷನ್ ಕೋಣೆಗೆ ಒಯ್ಯುವ ಹೊತ್ತಿನಲ್ಲಿ ನಿಮ್ಮ ದನಿ ಕಿವಿಗೆ ಬಿದ್ದರೆ ನೇತ್ರಾ ಎದ್ದು ಬಂದುಬಿಡುತ್ತಾಳೆ ಅನ್ನುವ ಹೆದರಿಕೆ ನನಗಿತ್ತು. ಅಷ್ಟು ಹೆದರಿಸಿ ಇಟ್ಟಿದ್ದೀರಿ ಅವಳನ್ನು.

ನಿಮಗೆ ಹೇಳಲಿಲ್ಲ ಅಂತೀರಿ. ಇನ್ನು ಹೇಗೆ ಹೇಳಬೇಕಿತ್ತು? ‘ಅತ್ತಿ, ಮಲಗಿದ್ರ ಉಸರು ಕಟ್ಟತೈತ್ರಿ, ಹೊಟ್ಟಿ ಬಿಗದು ಚರ್ಮ ಹರದಂಗ ಆಗತೈತ್ರಿ’ ಅಂತ ಅವಳು ಅತ್ತಾಗ ನೀವು ಏನಂದಿರಿ? ‘ಎರಡು ಹೊತ್ತಾಕಿ ನೀ, ಇಷ್ಟಕ್ಕ ಅಳತಾರೇನು?’ ಅಂದಿರಿ. ಓಣಿಯವರನ್ನು ಕರೆದು ಸೆರಗು ಸರಿಸಿ ಆ ಹೊಟ್ಟೆ ತೋರಿಸಿದಿರಿ. ಅದು ಮಕ್ಕಳು ಬೆಳೆದ ಗಾತ್ರ ಅಲ್ಲ ಗುರುಲಿಂಗವ್ವ, ನೀರು. ಬರೀ ನೀರು.

ಅನೀಸ ಮೇಡಂ ಹೇಳುವುದನ್ನು ಅರ್ಧ ಕೇಳಿ ಎದ್ದು ಬಂದಿರಿ. ಉಳಿದರ್ಧ ನಾನು ಬರೆಯುತ್ತೇನೆ, ಕಣ್ಣು ಬಿಟ್ಟು ಓದಿರಿ. ಎರಡು ಕೂಸಿಗೂ ಹೊಕ್ಕುಳಬಳ್ಳಿ ಸೇರುವ ಮಾಸು ಒಂದೇ. ಆ ಒಂದು ಮಾಸಿನ ಮೇಲೆ ಇಬ್ಬರ ರಕ್ತನಾಳಗಳೂ ಒಂದಕ್ಕೊಂದು ಕೂಡಿಕೊಂಡಿದ್ದವು. ಚಿಕ್ಕದರ ರಕ್ತ ದೊಡ್ಡದಕ್ಕೆ ಹರಿದು ಹೋಗುತ್ತಿತ್ತು. ಒಂದೇ ತಾಟಿಗೆ ಕೂತ ಇಬ್ಬರಲ್ಲಿ ಒಬ್ಬಳು ತನ್ನ ತುತ್ತನ್ನೆಲ್ಲ ಇನ್ನೊಬ್ಬಳ ಬಾಯಿಗೇ ಇಡುತ್ತಿದ್ದ ಹಾಗೆ. ಕೊಡುವ ಕೂಸಿಗೆ ಮೂತ್ರ ಸಹ ಬತ್ತಿ, ಸುತ್ತ ನೀರಿಲ್ಲದೆ, ಚೀಲ ಮೈಗೆ ಅಂಟಿಕೊಂಡಿತ್ತು. ತೆಗೆದುಕೊಳ್ಳುವ ಕೂಸು ಸುಖವಾಗಿತ್ತು ಅಂದುಕೊಳ್ಳಬೇಡಿರಿ. ಅಷ್ಟು ರಕ್ತವನ್ನು ತಳ್ಳಿ ತಳ್ಳಿ ಅದರ ಹೃದಯದ ಗೋಡೆ ದಪ್ಪಗಾಗಿತ್ತು. ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿತ್ತು. ಬೆಂಗಳೂರಿನ ಡಾಕ್ಟರು ಪರದೆಯ ಮೇಲೆ ತೋರಿಸಿದರು. ಇಷ್ಟೇ ಇಷ್ಟು ಹೃದಯ, ದಣಿದು ಹೋಗಿತ್ತು. ‘ಏಳು ತುಂಬುವ ತನಕ ಬಿಟ್ಟರೆ?’ ಎಂದು ಕೇಳಿದೆ. ‘ಆಗ ಎರಡರಲ್ಲಿ ಒಂದೂ ಉಳಿದಿರುವುದಿಲ್ಲ’ ಅಂದರು. ಏಳರಲ್ಲಿ ಯಾರಿಗೆ ಕುಬಸ ಮಾಡಬೇಕೆಂದಿದ್ದಿರಿ ನೀವು?

ಲೇಸರ್ ನಿಮ್ಮ ಶೆಡ್ಡಿನದಲ್ಲ. ಹೊಟ್ಟೆಗೆ ಒಂದು ಸಣ್ಣ ತೂತು, ಅದರೊಳಗಿಂದ ಪೆನ್ನಿನ ರಿಫಿಲ್ಲಿನಷ್ಟು ತೆಳುವಾದ ನಳಿಗೆ, ತುದಿಗೆ ಕ್ಯಾಮೆರಾ. ಇಬ್ಬರ ನಡುವೆ ಕೂಡಿಕೊಂಡ ನಾಳಗಳನ್ನು ಮಾಸಿನ ಮೇಲೆ ಹುಡುಕಿ ಹುಡುಕಿ ಸುಟ್ಟು ಮುಚ್ಚಿದರು. ಕೂಸುಗಳನ್ನು ಮುಟ್ಟಲೇ ಇಲ್ಲ. ಹೆಚ್ಚಿನ ನೀರನ್ನೂ ಹೊರಗೆ ತೆಗೆದರು. ನನ್ನ ಮಗಳು ಎಷ್ಟೋ ದಿನದ ಮೇಲೆ ಬೆನ್ನು ಹಚ್ಚಿ ಮಲಗಿದಳು.

ಈ ಹೊತ್ತಿಗೆ ಎರಡೂ ಹೃದಯ ಬಡಿಯುತ್ತಿವೆ. ಚಿಕ್ಕದು ಇನ್ನೂ ಗಂಡಾಂತರದಲ್ಲಿದೆ ಅಂದಿದ್ದಾರೆ, ಅದನ್ನೂ ನಾನು ಮುಚ್ಚಿಡುವುದಿಲ್ಲ. ವಾರಕ್ಕೊಮ್ಮೆ ಬಾಗಲಕೋಟೆಯಲ್ಲಿ ಸ್ಕ್ಯಾನ್ ಮಾಡಿಸಬೇಕು. ಹೆರಿಗೆ ಆಗುವ ತನಕ ಅವಳು ಇಳಕಲ್ಲಿಗೆ ಬರುವುದಿಲ್ಲ. ನಿಮ್ಮ ಸೊಸೆ ಅವಳು ಮೊನ್ನೆ ಮೊನ್ನೆ ಆದವಳು, ನನ್ನ ಮಗಳು ಹುಟ್ಟಿದಂದಿನಿಂದ.

ಇಂತಿ,
ಸಕ್ರವ್ವ


ಬಾದಾಮಿ
೨೪ ಜೂನ್ ೨೦೨೫

ಗುರುಲಿಂಗವ್ವನವರಿಗೆ,

ಇವತ್ತು ಬಾಗಲಕೋಟೆಗೆ ಹೋಗಿದ್ದೆವು. ಚಿಕ್ಕದರ ಹೃದಯ ನಿಂತಿದೆ. ಅನೀಸ ಮೇಡಂ ಬಹಳ ಹೊತ್ತು ನೋಡಿದರು.

ದೊಡ್ಡದರದು ಬಡಿಯುತ್ತಿದೆ. ಸತ್ತದ್ದನ್ನು ಈಗ ತೆಗೆಯುವ ಹಾಗಿಲ್ಲ, ತೆಗೆಯಲು ಹೋದರೆ ಇದ್ದದ್ದೂ ಹೋಗುತ್ತದೆ. ಹೆರಿಗೆಯ ತನಕ ನೇತ್ರಾ ಎರಡನ್ನೂ ಹೊರಬೇಕು.

ತಿಳಿಸುವುದು ನನ್ನ ಧರ್ಮ, ತಿಳಿಸಿದ್ದೇನೆ. ನೀವು ಏನೂ ಬರೆಯಬೇಡಿರಿ.

ಸಕ್ರವ್ವ


ಇಳಕಲ್
೨೮ ಜೂನ್ ೨೦೨೫

ಸಕ್ರವ್ವನವರಿಗೆ,

ಬರೆಯಬೇಡಿರಿ ಅಂದರೆ ಬಿಡುತ್ತೇನೆಯೇ? ನೀವು ಮಾಡುವುದನ್ನೆಲ್ಲ ಮಾಡಿ ಮುಗಿಸಿದಿರಿ, ನಾನು ಅಕ್ಷರ ಸಹ ಬರೆಯಬಾರದೋ?

ನಮ್ಮ ಮನೆಯ ಹೊಸ್ತಿಲು ದಾಟುವಾಗ ಆ ಕೂಸು ಜೀವಂತವಾಗಿತ್ತು. ನಿಮ್ಮ ಕೈಗೆ ಕೊಟ್ಟೆ, ಸತ್ತಿತು. ಇದಕ್ಕಿಂತ ಹೆಚ್ಚು ನನಗೆ ಯಾವ ಡಾಕ್ಟರೂ ತಿಳಿಸಿ ಹೇಳಬೇಕಾಗಿಲ್ಲ. ಸುಟ್ಟು ಮುಚ್ಚಿದರು ಅಂತ ನೀವೇ ಬರೆದಿದ್ದೀರಿ. ಬದುಕುವ ದಾರಿಯನ್ನು ಮುಚ್ಚಿದರೆ ಯಾವ ಜೀವ ಉಳಿಯುತ್ತದೆ? ಅದರದು ತುಸು ರಕ್ತ ಹೋಗುತ್ತಿತ್ತು, ಹೋಗಲಿ, ಒಡಹುಟ್ಟಿದ್ದಕ್ಕೇ ತಾನೇ ಹೋಗುತ್ತಿದ್ದದ್ದು! ಇಬ್ಬರೂ ಹೇಗೋ ಹಂಚಿಕೊಂಡು ಬದುಕುತ್ತಿದ್ದರು. ನಡುವೆ ಬೆಂಕಿ ತಂದು ಇಟ್ಟವರು ನೀವು.

ಹನಮವ್ವ ಹೇಳುತ್ತಾಳೆ, ‘ವೈನಿ, ಇದು ಖೂನಿ ಆದಂಗ ಆತು, ಪೊಲೀಸರಿಗೆ ಹೇಳ್ರಿ’ ಅಂತ. ನಮ್ಮ ಯಜಮಾನರು ಸುಮ್ಮನಿರು ಅನ್ನುತ್ತಾರೆ. ಅವರು ಪ್ರಭುಲಿಂಗ ಅಂತ ಹೆಸರಿಟ್ಟುಕೊಂಡು ಜೀವನವೆಲ್ಲ ಸುಮ್ಮನಿದ್ದವರು, ಅವರ ಮಾತು ಬಿಡಿರಿ. ಮಗನ ಗತಿ ನೋಡಲಾಗುವುದಿಲ್ಲ. ಊಟಕ್ಕೆ ಕರೆದರೆ ಬರುವುದಿಲ್ಲ, ಶೆಡ್ಡಿನಲ್ಲಿ ಕೂತಿರುತ್ತಾನೆ. ನಿಮ್ಮ ಹೆಸರು ಎತ್ತಿದರೆ ಎದ್ದೇ ಹೋಗುತ್ತಾನೆ. ಅಷ್ಟು ಸಿಟ್ಟು ಕೂತಿದೆ ಅವನಿಗೆ ನಿಮ್ಮ ಮೇಲೆ. ನಾಳೆ ಅವನು ಬಂದು ನಿಮ್ಮ ಬಾಗಿಲು ಬಡಿದರೆ ಏನು ಉತ್ತರ ಕೊಡುತ್ತೀರಿ?

ನನ್ನ ಮೊಮ್ಮಗುವನ್ನು ತಿಂದಿರಿ ನೀವು.

ಗುರುಲಿಂಗವ್ವ


ಬಾದಾಮಿ
೩ ಜುಲೈ ೨೦೨೫

ಗುರುಲಿಂಗವ್ವ,

ಪತ್ರ ನೇತ್ರಾಳ ಕೈಗೆ ಸಿಕ್ಕಿತು. ನಾನು ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದೆ. ಬಂದು ನೋಡಿದರೆ ಹಾಸಿಗೆಯ ಮೇಲೆ ಕೂತು ಆ ಕೊನೆಯ ಸಾಲನ್ನೇ ನೋಡುತ್ತಿದ್ದಳು. ನಿಮ್ಮ ಕೈ ಸೇದಿ ಹೋಗಬಾರದೇ ಅದನ್ನು ಬರೆಯುವಾಗ!

ಹಂಚಿಕೊಂಡು ಬದುಕುತ್ತಿದ್ದರು ಅಂತ ಬರೆದಿದ್ದೀರಿ. ಹಂಚಿಕೊಂಡು ಸಾಯುತ್ತಿದ್ದರು. ನಾಳಗಳನ್ನು ಮುಚ್ಚದೆ ಬಿಟ್ಟಿದ್ದರೆ, ಚಿಕ್ಕದರ ಹೃದಯ ನಿಂತ ಕ್ಷಣಕ್ಕೆ ದೊಡ್ಡದರ ರಕ್ತ ಆ ಸತ್ತ ಮೈಯೊಳಗೆ ಹರಿದು ಹೋಗುತ್ತಿತ್ತು. ಅದೂ ಹೋಗುತ್ತಿತ್ತು, ಇಲ್ಲವೇ ಮಿದುಳಿಗೆ ರಕ್ತ ಸಾಲದೆ ಜೀವನವಿಡೀ ಹಾಸಿಗೆಯಲ್ಲೇ ಇರುತ್ತಿತ್ತು. ಅನೀಸ ಮೇಡಂ ನೇತ್ರಾಳ ಕೈ ಹಿಡಿದು ಅದನ್ನೇ ಹೇಳಿದರು: ‘ಮುಚ್ಚಿದ್ದಕ್ಕ ಒಂದು ಉಳದೈತಿ ತಂಗಿ, ಇಲ್ಲಾಂದ್ರ ಇವತ್ತ ಎರಡೂ ಇರ್ತಿದ್ದಿಲ್ಲ.’ ಚಿಕ್ಕದು ಆಗಲೇ ಸೊರಗಿ ಹೋಗಿತ್ತು. ಬೇಗ ಕರೆದುಕೊಂಡು ಹೋಗಿದ್ದರೆ ಅದೂ ಉಳಿಯುತ್ತಿತ್ತೋ ಏನೋ. ಯಾರು ತಡೆದರು ಗುರುಲಿಂಗವ್ವ? ‘ಆಮ್ಯಾಲ ನೋಡೂಣು’ ಅಂದವರು ಯಾರು? ಖೂನಿಯ ಮಾತು ನೀವು ತೆಗೆದಿದ್ದೀರಿ. ಪೊಲೀಸರನ್ನು ಕರೆತನ್ನಿರಿ, ನಾನೂ ಅವರ ಮುಂದೆ ಇದನ್ನೇ ಕೇಳುತ್ತೇನೆ.

ಇಷ್ಟು ದಿನ ಒಂದು ಮಾತನ್ನು ಬಾಯೊಳಗೇ ಇಟ್ಟುಕೊಂಡಿದ್ದೆ. ನೇತ್ರಾ ಆಣೆ ಹಾಕಿಸಿದ್ದಳು. ನಿಮ್ಮ ಪತ್ರ ಓದಿದ ಮೇಲೆ ಅವಳೇ, ‘ಬರೀಯವ್ವಾ, ಬರದಬಿಡು’ ಅಂದಳು. ಬರೆಯುತ್ತೇನೆ. ಅವಳನ್ನು ಬೆಂಗಳೂರಿಗೆ ಒಯ್ದ ಗಾಡಿ ಓಡಿಸಿದವರು ಯಾರು ಅಂತ ನಿಮ್ಮ ಮಗನನ್ನು ಕೇಳಿರಿ. ಕಳ್ಳ ಕುಬಸದ ನೆಪ ಹೇಳಿ ಕರೆಸಿರಿ, ಅದಕ್ಕಾದರೆ ಅವ್ವ ಬೇಡ ಅನ್ನುವುದಿಲ್ಲ ಎಂದು ನನಗೆ ದಾರಿ ತೋರಿಸಿದವರು ಯಾರು ಅಂತ ಕೇಳಿರಿ. ಅಳಿಯಂದಿರು ಹೊಸೂರಿನ ಮುಖ ಸಹ ನೋಡಿಲ್ಲ.

ನನ್ನ ಬಾಗಿಲು ಅವರು ಬಡಿಯಬೇಕಾಗಿಲ್ಲ. ಪ್ರತಿ ವಾರ ಬರುತ್ತಾರೆ, ಹೆಂಡತಿಯನ್ನು ಸ್ಕ್ಯಾನಿಗೆ ಕರೆದುಕೊಂಡು ಹೋಗುತ್ತಾರೆ, ಅಡುಗೆಮನೆಯಲ್ಲಿ ಕೂತು ಊಟ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಅವರಿಗೆ ಊಟ ಸೇರದಿದ್ದರೆ ಅದಕ್ಕೆ ಕಾರಣ ನಾನಲ್ಲ.

ಸಕ್ರವ್ವ


ಇಳಕಲ್
೮ ಆಗಸ್ಟ್ ೨೦೨೫

ಸಕ್ರವ್ವನವರಿಗೆ,

ಒಂದು ತಿಂಗಳು ಬರೆಯಲಿಲ್ಲ. ಬಾಯಿ ಮುಚ್ಚಿಸಿದೆ ಅಂತ ನೀವು ಹಿಗ್ಗಿರಬೇಕು.

ಮಗನನ್ನು ಕೇಳಿದೆ. ‘ಹೊಸೂರಿಗೆ ಹೋಗಿದ್ದೆಲ್ಲೋ ನೀ?’

‘ಇಲ್ಲ ಯವ್ವಾ. ಬೆಂಗಳೂರಾಗ ಇದ್ದೆ.’

‘ನನಗ್ಯಾಕ ಹೇಳಲಿಲ್ಲ?’

‘ಹೇಳಿದ್ರ ನೀ ಬಿಡ್ತಿದ್ದಿಲ್ಲ.’

ಅಷ್ಟೇ. ಯಜಮಾನರ ಕಡೆ ತಿರುಗಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಅವರಿಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ! ನಾನೇನು ಮನೆಯವಳೋ, ಇಲ್ಲಾ ಹುಲಿಯೋ? ಎಲ್ಲರೂ ನನ್ನನ್ನು ಸುತ್ತಿ ಬಳಸಿ, ಸದ್ದಾಗದಂತೆ ದಾಟಿಕೊಂಡು ಹೋದರಲ್ಲ. ಒಂದು ವಾರ ಯಾರಿಗೂ ಬಡಿಸಲಿಲ್ಲ. ಬೇಕಾದವರು ಹಾಕಿಕೊಂಡು ಉಂಡರು.

ಆ ಸಿಟ್ಟನ್ನು ಯಾರ ಮೇಲಾದರೂ ಇಳಿಸಲೇಬೇಕಿತ್ತು. ಸ್ಕ್ಯಾನ್ ಈಗ ಗುರುವಾರ ಇರುತ್ತದೆ ಅಂತ ಮಗನಿಂದ ತಿಳಿದುಕೊಂಡು, ಅವನಿಗೆ ಹೇಳದೆ ಬಾಗಲಕೋಟೆಯ ಬಸ್ಸು ಹತ್ತಿದೆ. ಹುನಗುಂದ ದಾಟಿತು, ಅಮೀನಗಡ ದಾಟಿತು, ಡಾಕ್ಟರ್‌ಗೆ ಏನೇನು ಬೈಯಬೇಕು ಅನ್ನುವುದನ್ನು ಜೋಡಿಸಿಕೊಳ್ಳುತ್ತಲೇ ಇದ್ದೆ. ನೇರವಾಗಿ ಒಳಗೆ ನುಗ್ಗಿ, ‘ನನ್ನ ಮೊಮ್ಮಗುವನ್ನ ಸುಡಿಸಿದಾಕಿ ನೀನ ಏನು?’ ಅಂದೆ. ಅನೀಸ ಮೇಡಂ ಕೈಯಲ್ಲಿದ್ದ ಯಂತ್ರ ಕೆಳಗಿಡಲಿಲ್ಲ. ‘ಕುಂಡ್ರಿ ಅವ್ವಾರ, ನಿಮ್ಮ ಸೊಸಿ ಇಲ್ಲೇ ಅದಾಳ’ ಅಂದರು.

ನೋಡಿದರೆ ಹಾಸಿಗೆಯ ಮೇಲೆ ನೇತ್ರಾ. ನೀವೂ ಸಂತೋಷನೂ ಔಷಧದ ಅಂಗಡಿಗೆ ಹೋಗಿದ್ದಿರಂತೆ. ನನ್ನನ್ನು ಕಂಡ ಕೂಡಲೇ ಅವಳು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಚಾದರ ಎಳೆದು ಹೊಟ್ಟೆ ಮುಚ್ಚಿಕೊಂಡಳು. ನಾನು ಜೋಡಿಸಿಕೊಂಡು ಹೋಗಿದ್ದ ಬೈಗುಳವೆಲ್ಲ ಅಲ್ಲೇ ಉಳಿಯಿತು.

‘ಅತ್ತಿಯವರು ನೋಡಬಹುದಾ?’ ಅಂತ ಮೇಡಂ ಕೇಳಿದರು. ಅವಳು ಚಾದರ ತಾನೇ ಸರಿಸಿ ಹೂಂ ಅಂದಳು. ಪರದೆಯ ಮೇಲೆ ಹೃದಯ ತೋರಿಸಿದರು. ಮೊದಲಿನ ಚಿತ್ರವನ್ನೂ ಪಕ್ಕದಲ್ಲಿ ಹಾಕಿದರು. ಅದರಲ್ಲಿ ಪ್ರತಿ ಬಡಿತಕ್ಕೂ ಬಣ್ಣ ಹಿಂದಕ್ಕೆ ಚಿಮ್ಮುತ್ತಿತ್ತು. ಈಗ ಹಿಂದಕ್ಕೆ ಸೋರುವುದು ಹನಿಯಷ್ಟು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಹೃದಯದ ಗೋಡೆಯ ದಪ್ಪವೂ ಇಳಿದಿದೆ. ‘ಹೊರಿ ಇಳಿಸಿದ್ರ ಎಂಥಾ ಹೃದಯಾನೂ ಚೇತರಿಸ್ಕೊಂತೈತ್ರಿ’ ಅಂದರು. ನನಗೆ ಸಂತೋಷವಾಗಬೇಕಿತ್ತು, ಸಿಟ್ಟು ಬಂತು. ‘ಇದನ್ನ ಮೊದಲನೇ ದಿನಾನ ನನಗ ತೋರಿಸಿದ್ರ ನಾನ ಗಾಡಿ ಮಾಡಿಸಿ ಕಳಸ್ತಿದ್ದೆ!’ ಅಂತ ಒದರಿದೆ. ‘ತೋರಸ್ತೇನಿ ಕುಂಡ್ರಿ ಅಂದಿದ್ದೆ. ಬಸ್ಸಿನ ಹೊತ್ತಾತು ಅಂತ ನೀವ ಎದ್ದು ಹೋದ್ರಿ’ ಅಂದರು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆಮೇಲೆ ಕೇಳಿದೆ: ‘ಇನ್ನೊಂದು ಎಲ್ಲೈತಿ?’

ಮೇಡಂ ನೇತ್ರಾಳ ಮುಖ ನೋಡಿದರು. ಅದನ್ನು ತೋರಿಸಬೇಡಿರಿ, ಆ ಮಾತೇ ಎತ್ತಬೇಡಿರಿ ಅಂತ ನೀವು ತಾಕೀತು ಮಾಡಿದ್ದೀರಂತೆ. ನೇತ್ರಾ ತಾನೇ, ‘ತೋರಸ್ರಿ’ ಅಂದಳು. ಒಂದು ಮೂಲೆಯಲ್ಲಿ ಮುದುಡಿಕೊಂಡಿತ್ತು. ಅಲುಗಾಟವಿಲ್ಲ. ನಿಮ್ಮ ಮಗಳು ಕತ್ತು ಹೊರಳಿಸಿ, ಕಣ್ಣು ಮಿಟುಕಿಸದೆ ನೋಡಿದಳು. ಇಷ್ಟು ದಿನ ಅವಳ ಹೊಟ್ಟೆಯಲ್ಲಿದ್ದದ್ದನ್ನು ಅವಳಿಗೇ ತೋರಿಸಿರಲಿಲ್ಲವಲ್ಲ ನೀವು! ನನ್ನನ್ನು ಕತ್ತಲಲ್ಲಿಟ್ಟಿರಿ ಸರಿ, ಹೆತ್ತ ಮಗಳನ್ನೂ ಇಡುತ್ತೀರಾ?

ಮನೆಗೆ ಬಂದ ಕೂಡಲೇ ಹನಮವ್ವನ ಫೋನು. ‘ಹೋದದ್ದು ಹೋತು ಬಿಡ್ರಿ ವೈನಿ, ಅಶಕ್ತ ಕೂಸು, ಉಳಿದಿದ್ರೂ ಏನ ಮಾಡ್ತಿದ್ರಿ’ ಅಂದಳು. ಅಶಕ್ತವಂತೆ! ತನ್ನ ರಕ್ತ ಕೊಟ್ಟು ಕೊಟ್ಟು ಖಾಲಿಯಾದ ಕೂಸು ಅದು. ‘ಇನ್ನೊಮ್ಮೆ ಆ ಮಾತಾಡಿದ್ರ ನನ್ನ ಮನಿ ಮೆಟ್ಟಲು ಹತ್ತಬ್ಯಾಡ’ ಅಂದುಬಿಟ್ಟೆ.

ಈಗ ಮುಖ್ಯದ ಮಾತು. ಎಂಟನೆಯ ತಿಂಗಳು ಬರುತ್ತದೆ. ಹೊಟ್ಟೆಯಲ್ಲಿರುವ ಕೂಸಿನ ಹೆಸರಿನಲ್ಲಿ ತಾಯಿಗೆ ಲಿಂಗ ಕಟ್ಟುವ ಶಾಸ್ತ್ರ ನಿಮ್ಮ ಮನೆಯಲ್ಲೂ ಇದೆ, ನಮ್ಮ ಮನೆಯಲ್ಲೂ ಇದೆ. ಅಯ್ಯನವರನ್ನು ನಾನೇ ಕರೆದುಕೊಂಡು ಬಾದಾಮಿಗೆ ಬರುತ್ತೇನೆ. ಎರಡು ಲಿಂಗ ತರಿಸುತ್ತೇನೆ. ಒಂದಲ್ಲ, ಎರಡು.

ಗುರುಲಿಂಗವ್ವ


ಬಾದಾಮಿ
೧೪ ಆಗಸ್ಟ್ ೨೦೨೫

ಗುರುಲಿಂಗವ್ವನವರಿಗೆ,

ನೀವು ಬರುವುದಕ್ಕೆ ಬೇಡ ಅನ್ನುವುದಿಲ್ಲ. ಎರಡು ಲಿಂಗದ ಮಾತಿಗೆ ಸುತಾರಾಂ ಒಪ್ಪುವುದಿಲ್ಲ.

ಆ ಗುರುವಾರದ ಮೇಲೆ ನನ್ನ ಮಗಳು ಎರಡು ದಿನ ಹೊದ್ದು ಮಲಗಿದ್ದಳು. ಬಡಿಸಿದ ತಾಟು ಹಾಗೇ ವಾಪಸ್ಸು. ನಿಮಗೇನು, ನೋಡಿ ಬಸ್ಸು ಹತ್ತಿದಿರಿ. ಅವಳ ಪಕ್ಕದಲ್ಲಿ ಮಲಗುವವಳು ನಾನು. ದೊಡ್ಡ ಕುಬಸವನ್ನೇ ಬಿಟ್ಟಿದ್ದೇನೆ, ನಾಲ್ಕು ಮಂದಿ ಹೆಂಗಸರು ಬಂದು ‘ಎರಡರಾಗ ಒಂದು ಹೋತಂತಲ್ಲ’ ಅನ್ನಬಾರದು ಅಂತ. ಈ ಮನೆಯಲ್ಲಿ ಆ ಮಾತು ಎತ್ತುವ ಹಾಗಿಲ್ಲ. ಗಿರಾಕಿಗಳಿಗೂ ಹೇಳಿಟ್ಟಿದ್ದೇನೆ. ಅವಳ ಮನಸ್ಸೆಲ್ಲ ಉಳಿದದ್ದರ ಮೇಲೆ ಇರಬೇಕು. ಸತ್ತದ್ದಕ್ಕೆ ಲಿಂಗ ಕಟ್ಟಿ, ದಿನಾ ಎದ್ದರೆ ಕೂತರೆ ಅದು ಎದೆಗೆ ತಾಗುವ ಹಾಗೆ ಮಾಡುತ್ತೀರಾ? ನಿಮಗೆ ಸತ್ತ ಕೂಸು ದೊಡ್ಡದು. ನನಗೆ ಬದುಕಿರುವ ಮಗಳು ದೊಡ್ಡವಳು.

ಇದ್ದಾಗ ಅದನ್ನು ಉಳಿಸಲು ಬಿಡಲಿಲ್ಲ. ಹೋದ ಮೇಲೆ ಇದೇನು ಅಕ್ಕರೆ?

ಸಕ್ರವ್ವ


ಇಳಕಲ್
೨೨ ಸೆಪ್ಟೆಂಬರ್ ೨೦೨೫

ಸಕ್ರವ್ವನವರಿಗೆ,

ಈಗ ನಿಮ್ಮ ಫೋನಿನಲ್ಲಿ ನನ್ನ ಹೆಸರು ಬ್ಲಾಕ್ ಇಲ್ಲ. ಬೆಳಿಗ್ಗೆ ಸಂಜೆ ಮಾತಾಡುತ್ತೇವೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನೀವು ಫೋನ್ ಎತ್ತಿದಾಗ ನೇತ್ರಾ ಬದಿಯಲ್ಲೇ ಇರುತ್ತಾಳೆ. ಇದನ್ನು ಓದಿ ಒಲೆಗೆ ಹಾಕಿರಿ.

ನಿಮ್ಮ ಆಗಸ್ಟಿನ ಪತ್ರದ ಕೊನೆಯ ಸಾಲಿಗೆ ನಾನು ಉತ್ತರ ಕೊಟ್ಟಿಲ್ಲ. ಕೊಡುವುದೂ ಇಲ್ಲ. ಅದು ನನ್ನ ಹತ್ತಿರವೇ ಇರಲಿ.

ಲಿಂಗ ಕಟ್ಟಿದ ದಿನ ನೀವು ಸಿಟ್ಟು ಮಾಡಿಕೊಂಡು ಅಡುಗೆಮನೆ ಸೇರಿದಿರಿ. ಇತ್ತ ಹೊರಗೆ ಏನು ನಡೆಯಿತು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅಯ್ಯನವರು, ‘ಒಂದ ಏನವ್ವಾ, ಎರಡ?’ ಅಂತ ಕೇಳಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ನಿಮ್ಮ ಮಗಳು, ‘ಎರಡೂ ಕಟ್ರಿ ಅಯ್ಯಾರ, ಎರಡೂ ನನ್ನವ ಅದಾವ’ ಅಂದಳು. ನಾನು ಹೇಳಿಕೊಟ್ಟೆ ಅಂತ ಇಷ್ಟು ದಿನ ಮುಖ ಗಂಟು ಹಾಕಿಕೊಂಡಿದ್ದಿರಲ್ಲ, ನಾನು ಹೇಳಿಕೊಟ್ಟದ್ದಲ್ಲ.

ಹೆರಿಗೆಯ ದಿನ ನಿಮಗೆ ನೆನಪಿದೆ. ದಿನ ತುಂಬುವ ಮೊದಲೇ ಹೊಟ್ಟೆ ಕೊಯ್ದು ತೆಗೆದರು. ದೊಡ್ಡದು ಅತ್ತದ್ದು ಹೊರಗೆ ಕೇಳಿಸಿತು. ನನ್ನ ಮಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಹೃದಯ ನೋಡಿದವರು ಏನೂ ತೊಂದರೆ ಇಲ್ಲ ಅಂದಾಗ ನೀವು ನನ್ನ ಕೈ ಹಿಡಿದುಕೊಂಡಿರಿ. ಬಿಟ್ಟಮೇಲೆ ಹಿಡಿದದ್ದು ಗೊತ್ತಾಗಿ ನಾಚಿಕೊಂಡಿರಿ.

ಆಮೇಲೆ ನರ್ಸ್ ಬಂದಳು, ಟ್ರೇ ಮೇಲೆ ಬಟ್ಟೆ ಮುಚ್ಚಿಕೊಂಡು. ‘ಇದನ್ನ ನಾವ ವಿಲೇವಾರಿ ಮಾಡ್ತೇವ್ರಿ’ ಅಂದಳು. ನೀವು ಬಟ್ಟೆ ಸರಿಸಿ ನೋಡಿದಿರಿ, ಮುಚ್ಚಿದಿರಿ, ಗೋಡೆಯ ಕಡೆ ತಿರುಗಿ ನಿಂತಿರಿ. ನಿಮ್ಮನ್ನು ದೂರುವುದಿಲ್ಲ. ನಾನು ಆ ಹುಡುಗಿಗೆ, ‘ಯಾರನ್ನ ವಿಲೇವಾರಿ ಮಾಡ್ತೀವಾ? ನಮ್ಮ ಮನಿ ಹೆಣ್ಣ ಕೂಸದು. ಕೊಡು ಇಲ್ಲೆ’ ಅಂದೆ. ‘ಇಷ್ಟರದಕ್ಕ ಏನ ಮಾಡ್ತೀರಿ ಅವ್ವಾ’ ಅಂದಳು. ನನ್ನ ದನಿಗೆ ಇಡೀ ದವಾಖಾನೆ ಬಾಗಿಲಿಗೆ ಬಂತು. ಕೊನೆಗೆ ಅನೀಸ ಮೇಡಂ ಬಂದು, ಬೇಕಾದ ಕಾಗದ ಮಾಡಿಸಿ, ತಾವೇ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಉಡಿಯಲ್ಲಿ ಇಟ್ಟರು.

ಹುನಗುಂದದ ಹತ್ತಿರ ನಮ್ಮ ಹೊಲವಿದೆಯಲ್ಲ, ಅಲ್ಲಿ ಮಣ್ಣು ಮಾಡಿದೆವು. ಯಜಮಾನರು ಮತ್ತು ಸಂತೋಷ ಕುಣಿ ತೋಡಿದರು. ಅಣ್ಣತಮ್ಮಂದಿರ ಮನೆಯವರು ಬಂದು, ಹುಟ್ಟದ ಕೂಸಿಗೆ ಇದೆಲ್ಲ ಇಲ್ಲ, ಲಿಂಗ ಕಟ್ಟುವಂತಿಲ್ಲ ಅಂತ ತಕರಾರು ತೆಗೆದರು. ‘ಅದು ಒಡಹುಟ್ಟಿದಾಕಿಗೆ ಮಾಡಿದಷ್ಟು ನಿಮ್ಮ ಮನ್ಯಾಗ ಯಾರ ಮಾಡ್ಯಾರ ಹೇಳ್ರಿ ಮೊದಲ’ ಅಂದೆ. ಜೀವನದಲ್ಲಿ ಮೊದಲ ಸಲ ಯಜಮಾನರೂ ನನ್ನ ಜೊತೆ ಬಾಯಿ ಮಾಡಿದರು. ವಿಭೂತಿ ಹಚ್ಚಿದೆ, ಪತ್ರಿ ಹಾಕಿದೆ. ನೇತ್ರಾಳ ಕೊರಳಿನಿಂದ ತೆಗೆದು ತಂದಿದ್ದ ಲಿಂಗವನ್ನು ಕಟ್ಟಿದೆ. ಲಿಂಗ ಅದರ ಎದೆಗಿಂತ ದೊಡ್ಡದಾಗಿತ್ತು ಸಕ್ರವ್ವ.

ಈಗ ಯಾಕೆ ಬರೆದೆ ಅಂದರೆ, ನಿನ್ನೆ ನೀವು ಸಂತೆಗೆ ಹೋದಾಗ ನೇತ್ರಾ ಫೋನ್ ಮಾಡಿದ್ದಳು. ಕೂಸಿನ ಬಗ್ಗೆ ಮಾತಾಡಿದಳು, ಹಾಲು ಕುಡಿಯುತ್ತದೆ, ರಾತ್ರಿ ಹಟ ಮಾಡುತ್ತದೆ ಅಂದಳು. ಆಮೇಲೆ ಕೇಳಿದಳು:

‘ಅತ್ತಿ, ಅದರ ಮಾರಿ ಹೆಂಗಿತ್ರಿ? ನಮ್ಮವ್ವ ಹೇಳವಲ್ಲಳು. ನೀವರೆ ನೋಡೀರಿ.’

‘ಹೆಂಗಿರತೈತಿ? ನಿನ್ನ ಮಗ್ಗಲಾಗಿರೋ ಅಕ್ಕನ ಹಂಗ ಇತ್ತು’ ಅಂದೆ. ‘ನಿದ್ದಿ ಹತ್ತಿದಂಗ ಕಣ್ಣ ಮುಚ್ಚಿತ್ತು. ತುಟಿ ನಿಂದ ಇತ್ತು, ನೋಡಿದ ಕೂಡಲೇ ಗೊತ್ತಾತು ನನಗ.’

ಅವಳು ಬಹಳ ಹೊತ್ತು ಅತ್ತಳು. ಅತ್ತು ಮುಗಿಸಿ, ‘ಛಲೋ ಆತ ಬಿಡ್ರಿ ಅತ್ತಿ’ ಅಂದು ಫೋನ್ ಇಟ್ಟಳು.

ಎರಡೂವರೆ ತಿಂಗಳು ಒಳಗೇ ಒಣಗಿದ ಕೂಸಿಗೆ ಎಲ್ಲಿಯ ಕಣ್ಣು, ಎಲ್ಲಿಯ ತುಟಿ ಅನ್ನುವುದು ಬಟ್ಟೆ ಸರಿಸಿ ನೋಡಿದ ನಿಮಗೆ ಗೊತ್ತು, ಕಟ್ಟಲು ಕೊರಳು ಹುಡುಕಿದ ನನಗೆ ಗೊತ್ತು. ನಿಮಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಚಟ ಇದೆ, ಬಲ್ಲೆ. ಈ ಒಂದು ಮಾತನ್ನು ನನ್ನ ಸೊಸೆಯ ಮುಂದೆ ನೀವು ಯಾವತ್ತಾದರೂ ತಿದ್ದಿದಿರೋ, ಇಳಕಲ್ಲಿನಿಂದ ಬಾದಾಮಿಗೆ ನಡೆದುಕೊಂಡೇ ಬಂದು ನಿಮ್ಮ ಕೂಡ ಜಗಳ ತೆಗೆಯುತ್ತೇನೆ.

ನಿಮ್ಮ ಬೀಗತಿ,
ಗುರುಲಿಂಗವ್ವ